ಕಳ್ಳನ ಹೆಸರು ಹೇಳುವ ಕಾಗದ

"ನೀವು ನನ್ನ ಗುರುಗಳು, ಭಾವ" ಎಂದು ಭಾವಮೈದುನ ಎಲ್ಲರೆದುರು ಅಂದ ದಿನವೇ ಭಾವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತ್ತು. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ನಾಲ್ಕು ವರ್ಷ ಗಾಜು ತೊಳೆದು, ದ್ರಾವಣ ಕಲಸಿ, ಬೆರಳಿನ ಚರ್ಮ ಸವೆಸಿಕೊಂಡವನು ಅವನು. ಹೆಂಡತಿಯ ತಮ್ಮನನ್ನು ಕರೆತಂದು ಕೆಲಸಕ್ಕೆ ಸೇರಿಸಿ, ಪಿಪೆಟ್ ಹಿಡಿಯುವುದನ್ನು ಕಲಿಸಿದವನೂ ಅವನೇ. ಈಗ ಲ್ಯಾಬಿನ ಮೇಲ್ವಿಚಾರಕನ ಹುದ್ದೆ ಆ ಶಿಷ್ಯನ ಪಾಲಾಗುವುದರಲ್ಲಿತ್ತು. ಅವನ ಬಳಿ ಡಿಪ್ಲೊಮಾ ಇತ್ತು, ಇವನ ಬಳಿ ಬರೀ ಅನುಭವ.

"ನನ್ನ ತಮ್ಮ ಸಾಹೇಬ ಆಗ್ತಾನೆ, ನಿಮಗೂ ಹೆಮ್ಮೆ ಅಲ್ವಾ?" ಎಂದು ಹೆಂಡತಿ ಬೇರೆ ಗಾಯಕ್ಕೆ ಉಪ್ಪು ಸವರಿದ್ದಳು. ಕಣ್ಣೆದುರು ಬೆಳೆದ ಹುಡುಗ ಬಂದಾಗೆಲ್ಲ ಎದ್ದು ನಿಲ್ಲುವುದೆಂದರೆ ಅವನಿಗೆ ನುಂಗಲಾರದ ತುತ್ತು.

ಸಂದರ್ಶನ ನಾಳೆ ಹತ್ತಕ್ಕೆ. ಡಿಪ್ಲೊಮಾದ ಮೂಲ ಪತ್ರ ಯಾರೂ ತೋರಿಸದಿದ್ದರೆ ಸೇವೆಯಲ್ಲಿ ಹಿರಿಯರಾದವರಿಗೆ ಹುದ್ದೆ ಕೊಡುವುದು ಅಲ್ಲಿನ ನಿಯಮ. ಡಿಪ್ಲೊಮಾ ಕೊಟ್ಟ ಸಂಸ್ಥೆ ಬಾಗಿಲು ಮುಚ್ಚಿ ನಾಲ್ಕು ವರ್ಷವಾಗಿತ್ತು, ನಕಲು ಬೇಕೆಂದರೆ ತಿಂಗಳುಗಟ್ಟಲೆ ಅಲೆಯಬೇಕು. ಮನೆಯಲ್ಲಿ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಹರಿಯುತ್ತವೆಂದು ಭಾವಮೈದುನ ಮೂಲ ಪತ್ರವನ್ನು ಲ್ಯಾಬಿನ ಉಗ್ರಾಣದ ಡ್ರಾಯರಿನಲ್ಲಿಟ್ಟಿದ್ದ. ಡ್ರಾಯರಿನ ಮೇಲೆಯೇ ಕಪಾಟು. ಕಪಾಟಿನಲ್ಲಿ, ನಿನ್ನೆ ಭಾವಮೈದುನನೇ ತುಂಬಿಟ್ಟ ಗಾಢ ಗಂಧಕಾಮ್ಲದ ಬಾಟಲಿ.

ಆ ಆಮ್ಲದ ಗುಣ ಭಾವನಿಗೆ ಅಂಗೈ ರೇಖೆಯಷ್ಟು ಪರಿಚಿತ. ಎಣ್ಣೆಯಂತೆ ಮಂದ, ನೀರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ, ತೀರದ ನೀರಡಿಕೆ. ಸಕ್ಕರೆಯ ಮೇಲೆ ಸುರಿದರೆ ನೀರಿನಂಶ ಹೀರಿ ಕಪ್ಪು ಕಂಬವನ್ನು ಎಬ್ಬಿಸುತ್ತದೆ. ಕಾಗದವನ್ನು ಬೆಂಕಿಯಿಲ್ಲದೆ ಇದ್ದಿಲು ಮಾಡುತ್ತದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅವನೊಂದು ಆಟ ತೋರಿಸುತ್ತಿದ್ದ. ನೀರು ಬೆರೆಸಿ ತೆಳುವಾಗಿಸಿದ ಆಮ್ಲದಲ್ಲಿ ಕಾಗದದ ಮೇಲೆ ಬರೆಯುವುದು, ಏನೂ ಕಾಣದು. ದೀಪದ ಮೇಲೆ ಹಿಡಿದರೆ ಅಕ್ಷರ ಕಪ್ಪಗೆ ಮೂಡುತ್ತಿತ್ತು. "ಕಳ್ಳನ ಹೆಸರು ಹೇಳೋ ಕಾಗದ ಇದು, ಹುಷಾರು!" ಎಂದರೆ ಹುಡುಗರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಕಾಗದ ಹಿಡಿಯುವ ಕೆಲಸ ಭಾವಮೈದುನನದು.

ಅಂದು ಭಾವ ಬೆಳಗಿನ ಅರ್ಧ ದಿನ ರಜೆ ಹಾಕಿದ. ಊಟದ ಹೊತ್ತಿಗೆ ಲ್ಯಾಬ್ ಖಾಲಿಯಾದಾಗ ಹಿಂಬಾಗಿಲಿನಿಂದ ಒಳಬಂದು, ಕೈಗವಸು, ಕನ್ನಡಕ ತೊಟ್ಟ. ಡ್ರಾಯರನ್ನು ತುಸು ಎಳೆದು, ಬಿರಡೆ ಸಡಿಲಿಸಿದ ಬಾಟಲಿಯನ್ನು ಕಪಾಟಿನಲ್ಲೇ ಮಲಗಿಸಿದ. ಆಮ್ಲ ಸೋರಿ ಡಿಪ್ಲೊಮಾ ಇದ್ದ ಲಕೋಟೆಯ ಮೇಲೆ ಬಿತ್ತು. ಲಕೋಟೆ ಕಂದಾಯಿತು, ಕಪ್ಪಾಯಿತು, ಮುದುಡಿತು. ಈ ಪತ್ರ ಬಂದ ದಿನ ಭಾವಮೈದುನ ಓಡೋಡಿ ಬಂದು ಮೊದಲು ತೋರಿಸಿದ್ದು ತನಗೇ ಎಂಬುದು ನೆನಪಾಯಿತು. ಆದರೂ ಮೊಹರು ಅಳಿಯುವವರೆಗೆ ನಿಂತು ನೋಡಿದ.

ಕೈಗವಸನ್ನು ಬಿಚ್ಚುವ ಮುನ್ನ ನಲ್ಲಿಯಡಿ ತೊಳೆಯಬೇಕು, ತೊಳೆದ. ಬಿಗಿಯಾದ ಹಳೆಯ ಗವಸನ್ನು ಎಳೆಯುವಾಗ ಬೆರಳು ಒದ್ದೆಯಾಯಿತು. ಉರಿಯಲಿಲ್ಲ. ಬರೀ ನೀರು. ಕೈ ಕೊಡವಿ, ಹಿಂದಿನ ಗೇಟಿನಿಂದ ಹೊರಬಿದ್ದು, ಮುಂದಿನ ಗೇಟಿನಲ್ಲಿ ಕಾವಲುಗಾರನನ್ನು ಮಾತಾಡಿಸಿ, ಆಗಷ್ಟೇ ಮನೆಯಿಂದ ಬಂದವನಂತೆ ನೇರ ಆಫೀಸಿಗೆ ನಡೆದ.

"ಒಳ್ಳೇ ಹೊತ್ತಿಗೆ ಬಂದ್ರಿ, ಹೊಸ ಗುರುತಿನ ಚೀಟಿಗೆ ಸಹಿ ಹಾಕಿ" ಎಂದು ಗುಮಾಸ್ತೆ ಚೀಟಿ ಚಾಚಿದಳು. ಅವನು ಎಡಗೈಯಿಂದ ಅದನ್ನು ಒತ್ತಿ ಹಿಡಿದು ಸಹಿ ಹಾಕಿದ. "ಕೈಯೆಲ್ಲ ಒದ್ದೆ ಇದೆಯಲ್ರೀ?"

"ಬಿಸಿಲಮ್ಮ, ಬೆವರು."

ಅಷ್ಟರಲ್ಲಿ ಭಾವಮೈದುನ ಓಡಿಬಂದ. ಮುಖದಲ್ಲಿ ರಕ್ತವಿರಲಿಲ್ಲ. "ಭಾವ, ಆಸಿಡ್ ಬಾಟ್ಲಿ ಉರುಳಿಬಿಟ್ಟಿದೆ. ನನ್ನ ಡಿಪ್ಲೊಮಾ ಹೋಯ್ತು!"

"ಅಯ್ಯೋ, ಬಿರಡೆ ಸರಿಯಾಗಿ ಹಾಕಬಾರದಿತ್ತೇನೋ? ನಾನು ಈಗಷ್ಟೇ ಮನೆಯಿಂದ ಬರ್ತಿದ್ದೀನಿ, ಲ್ಯಾಬಿಗೆ ಇವತ್ತು ತಲೇನೂ ಹಾಕಿಲ್ಲ" ಎಂದು ಅವನು ಭಾವಮೈದುನನ ಬೆನ್ನು ಸವರಿದ. ಒಳಗೊಳಗೇ ಹಗುರಾಗಿದ್ದ.

ಗುಮಾಸ್ತೆ ಮರುಗುತ್ತಲೇ ಅವನ ಚೀಟಿಯನ್ನು ಬಿಸಿ ಲ್ಯಾಮಿನೇಷನ್ ಯಂತ್ರಕ್ಕೆ ತೂರಿಸಿದಳು. ಆಚೆ ಬದಿಯಿಂದ ಅವನ ಫೋಟೊ ಬಂತು, ಹೆಸರು ಬಂತು, ಸಹಿ ಬಂತು. ಸಹಿಯ ಪಕ್ಕದಲ್ಲಿ ಮೂರು ಬೆರಳ ಗುರುತು, ಗೆರೆ ಗೆರೆಯಾಗಿ, ಕಪ್ಪಗೆ. "ಅಯ್ಯೋ, ಇದೇನು, ಸುಟ್ಟುಹೋಯ್ತಾ?" ಎಂದಳು. ಕೈಗವಸು ತೊಳೆದ ನೀರು ಬರೀ ನೀರಲ್ಲವೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ, ವರ್ಷವರ್ಷವೂ ದೀಪದ ಮೇಲೆ ಕಾಗದ ಹಿಡಿದಿದ್ದ ಭಾವಮೈದುನ ಕಣ್ಣೊರೆಸಿಕೊಂಡು ಚೀಟಿಯನ್ನು ಕೈಗೆತ್ತಿಕೊಂಡಿದ್ದ. ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಲ್ಯಾಬಿಗೆ ತಲೇನೂ ಹಾಕಿಲ್ಲ ಅಂದ್ರಲ್ಲ, ಭಾವ?"