ಪಾಮೀರಿಗೆ ಮುಂಚಿನ ಹೊಳೆ

ಬೈಕಿನಲ್ಲಿ ಕಿರ್ಗಿಸ್ತಾನ, ತಜಿಕಿಸ್ತಾನ ಸುತ್ತಿ ಪಾಮೀರ್ ಬೆಟ್ಟಸಾಲು ದಾಟಬೇಕೆಂದು ಹೊರಟವರು ಇಬ್ಬರೇ, ಸುಳ್ಯದ ಭವಿತಾ ಮತ್ತು ಪುತ್ತೂರಿನ ರಮ್ಲತ್. ವೀಸಾ ಕೈಗೆ ಬಂದಿತ್ತು. ಆದರೆ ಆ ದಾರಿಯಲ್ಲಿ ಸೇತುವೆಯಿಲ್ಲದ ಹೊಳೆಗಳಿವೆ. ಬೈಕು ಬಿದ್ದರೆ ಬಿದ್ದವರೇ ಎತ್ತಬೇಕು. ಹೋದ ವರ್ಷ ಮೊಣಕಾಲಿನ ಆಪರೇಷನ್ ಆದ ಭವಿತಾ ತನಗೆ ತಾನೇ ಶರತ್ತು ಹಾಕಿಕೊಂಡಿದ್ದಳು. ಪೂರ್ತಿ ಸಾಮಾನು ಹೇರಿಕೊಂಡು ಕಲ್ಲುಗುಂಡಿಯ ಆಚೆಗಿನ ಹೊಳೆ ದಾಟಲಾಗದಿದ್ದರೆ, ರಮ್ಲತ್ ಬೇರೆ ಜೊತೆ ನೋಡಿಕೊಳ್ಳಲಿ.

ಬೆಳಿಗ್ಗೆ ಇಬ್ಬರೂ ಸುಳ್ಯ ಬಿಟ್ಟು ಮಡಿಕೇರಿ ರಸ್ತೆ ಹಿಡಿದರು. ಕಲ್ಲುಗುಂಡಿ ಪೇಟೆ ಕಳೆದ ಮೇಲೆ ಡಾಮರು ಮುಗಿದು, ಮಣ್ಣಿನ ದಾರಿ ರಬ್ಬರ್ ಮರಗಳ ನಡುವೆ ಇಳಿದು ಕಾಡು ಸೇರಿತು. ಎರಡೂ ಕಡೆಯ ಬಿದಿರು ಹೆಲ್ಮೆಟ್ಟನ್ನು ಸವರುತ್ತಿತ್ತು. ಇಳಿಜಾರಿನ ಕೊನೆಗೆ ಹೊಳೆ, ಬಂಡೆಗಳನ್ನು ಬಳಸಿ ನೊರೆಯೆಬ್ಬಿಸಿ ಹರಿಯುತ್ತಿತ್ತು.

ರಮ್ಲತ್ ಮೊದಲು ದಾಟಿದಳು. ಆಚೆ ದಡದಿಂದ ಕೂಗಿದಳು, "ನಿಲ್ಲಿಸ್ಬೇಡ ಮಾರಾಯ್ತಿ! ನಡುವಲ್ಲಿ ಪಾಚಿ ಉಂಟು!"

ಭವಿತಾ ಮೊದಲ ಗೇರಿನಲ್ಲಿ ನೀರಿಗಿಳಿದಳು.

ನಡುಹೊಳೆಯಲ್ಲಿ ಮುಂದಿನ ಚಕ್ರ ಜಾರಿತು. ಬೈಕು ಮಗುಚಿತು. ಎಂಜಿನ್ ಕೆಮ್ಮಿ ನಿಂತಿತು. ಭವಿತಾಳ ಕಾಲು ಬೈಕಿನ ಬದಿಗೆ ಕಟ್ಟಿದ್ದ ಸಾಮಾನಿನ ಪೆಟ್ಟಿಗೆಯಡಿ ಸಿಕ್ಕಿತು.

"ಬಂದೆ!" ರಮ್ಲತ್ ನೀರಿಗೆ ಹಾರಿದಳು.

"ಬರ್ಬೇಡ! ಕಾಲು ಬಂತು, ಎಂತ ಆಗ್ಲಿಲ್ಲ!"

ಕಾಲೇನೋ ಬಂದಿತ್ತು, ಮೊಣಕಾಲು ಉರಿಯುತ್ತಿತ್ತು. ಭವಿತಾ ಪೆಟ್ಟಿಗೆಗಳನ್ನು ಕಳಚಿ ಒಂದೊಂದಾಗಿ ಆಚೆ ದಡಕ್ಕೆ ಹೊತ್ತಳು. ವಾಪಸು ಬಂದು ಬೈಕಿಗೆ ಬೆನ್ನು ಕೊಟ್ಟು ಕುಕ್ಕರಿಸಿದಳು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ. ಹಲ್ಲು ಕಚ್ಚಿ ಎತ್ತಿದಳು.

ಬೂಟು ಜಾರಿತು. ಬೈಕು ಮತ್ತೆ ನೀರಿಗೆ.

ರಮ್ಲತ್ ಮೊಣಕಾಲುದ್ದ ನೀರಲ್ಲಿ ನಿಂತೇ ಇದ್ದಳು.

ಭವಿತಾ ಕಾಲಿನಿಂದ ತಡಕಿ ಪಾಚಿಯಿಲ್ಲದ ಮರಳು ಹುಡುಕಿದಳು. ಹಿಮ್ಮಡಿ ಊರಿ ಹಿಂದಕ್ಕೆ ತಳ್ಳಿದಳು. ಒಂದು ಹೆಜ್ಜೆ. ಇನ್ನೊಂದು. ಬೈಕು ನೀರು ಸುರಿಸುತ್ತಾ ಎದ್ದು ನಿಂತಿತು!

ಆಚೆ ದಡಕ್ಕೆ ನೂಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಸೆಲ್ಫ್ ಸ್ಟಾರ್ಟ್ ಒತ್ತಿದಾಗ ಒಳಗಿದ್ದ ನೀರು ಪಿಚಕಾರಿಯಂತೆ ಚಿಮ್ಮಿತು. ಏರ್ ಫಿಲ್ಟರನ್ನು ಬಿಸಿಲಿಗಿಟ್ಟು ಕಾದರು. ಎಲ್ಲ ಜೋಡಿಸಿ ಮತ್ತೆ ಒತ್ತಿದರೆ ಬರೀ ಗೊರಗೊರ. ಮತ್ತೊಮ್ಮೆ ಒತ್ತಿದಳು. ಎಂಜಿನ್ ಗುಡುಗಿತು.

ಅದೇ ಬೈಕಿಗೆ ಪೆಟ್ಟಿಗೆ ಕಟ್ಟಿ, ಅದೇ ಹೊಳೆಯನ್ನು ಭವಿತಾ ಮರಳಿ ದಾಟಿದಳು. ಈ ಸಲ ಬೀಳಲಿಲ್ಲ.

ಕಲ್ಲುಗುಂಡಿಯ ಹೋಟೆಲಿನಲ್ಲಿ ಚಾ ತಂದಿಟ್ಟ ಶೀಲಾವತಿ ಅವರ ಒದ್ದೆ ಬಟ್ಟೆ ನೋಡಿ ಬೆರಗಾದರು. "ಎಲ್ಲಿ ಬಿದ್ದದ್ದು ಮಾರಾಯ್ರೆ?"

"ಬಿದ್ದದ್ದು ಬಿಡಿ ಅಕ್ಕ, ಇವಳು ಎತ್ತಿದ್ದು ನೋಡ್ಬೇಕಿತ್ತು!" ಎಂದಳು ರಮ್ಲತ್. ಭವಿತಾಳ ಕಡೆ ತಿರುಗಿ, "ಹೊರಡುವ. ಮುಂದೆ ನೀನು ಹೋಗು," ಎಂದಳು.

ಸುಳ್ಯ ಮುಟ್ಟುವವರೆಗೂ ಭವಿತಾಳ ಬೈಕೇ ಮುಂದಿತ್ತು.