ಕಂಬದಿಂದ ಒಂದು ಅಡಿ

ತಟ್ಟನೆ ತಲೆ ಬಗ್ಗಿಸಿದೆ. ಸುತ್ತಿಗೆ ಕಿವಿಯ ಪಕ್ಕದಲ್ಲೇ ಹಾದು ಕಂಬಕ್ಕೆ ಬಡಿಯಿತು!

ಮೇಲಿಂದ ಪುಡಿ ಉದುರಿತು. ನಮ್ಮ ನೆತ್ತಿಯ ಮೇಲೆ ಅರ್ಧ ಮುರಿದ ಬೀಮ್, ನಾಲ್ಕು ಜಾಕ್‌ಗಳ ಆಸರೆಯಲ್ಲಿ ನಿಂತಿತ್ತು.

“ಇನ್ನೊಂದು ಏಟು ಬಿದ್ರೆ ಇಬ್ರೂ ಅಪ್ಪಚ್ಚಿ ಕಣಯ್ಯಾ!” ಎಂದು ಕಿರುಚಿದೆ.

ಬಿಲ್ಡರ್ ಕಳಿಸಿದ್ದ ಪೈಲ್ವಾನ್ ಮೇಲೆ ನೋಡಿದ. ಅಷ್ಟು ಸಾಕಿತ್ತು. ಮೊಣಕಾಲಿಗೆ ಒದ್ದೆ. ಸುತ್ತಿಗೆ ನನ್ನ ಕೈಗೆ ಬಂತು.

ಕಟ್ಟಡ ಯಾಕೆ ಬಿತ್ತು ಅಂತ ಪತ್ತೆ ಮಾಡುವುದು ನನ್ನ ಕಸುಬು ಸ್ವಾಮಿ. ಇಪ್ಪತ್ತು ವರ್ಷದಲ್ಲಿ ಯಾವ ಬೀಮೂ ನನ್ನನ್ನು ಅಳಿಸಿರಲಿಲ್ಲ. ಈ ಬೀಮಿನ ಕೆಳಗೆ ಸತ್ತವನು ನನ್ನ ತಮ್ಮ... ಪ್ಲಂಬರ್.

ಪೈಪ್ ಹಾಯಿಸಲು ಅವನೇ ತೂತು ಕೊರೆದಿದ್ದ. ಕಂಬದಿಂದ ಬರೀ ಒಂದು ಅಡಿ ದೂರದಲ್ಲಿ! ಎರಡು ಕಂಬಗಳ ಮಧ್ಯದಲ್ಲಿ ಕೊರೆದಿದ್ದರೆ ಬೀಮ್ ಹೇಗೋ ತಡೆದುಕೊಳ್ಳುತ್ತಿತ್ತು. ಕಂಬದ ಹತ್ತಿರ ಅದನ್ನು ಕತ್ತರಿಸುವ ಬಲ ಜಾಸ್ತಿ. ಆ ಬಲವನ್ನು ತಡೆಯುವ ಕಬ್ಬಿಣದ ರಿಂಗುಗಳನ್ನೇ ಡ್ರಿಲ್ ತುಂಡರಿಸಿತ್ತು. ತೂತಿನ ಅಂಚಿನಿಂದ ಓರೆಯಾಗಿ ಬಿರುಕು ಬಿಟ್ಟಿತು. ಮೂರು ವಾರದ ನಂತರ ಬೀಮ್ ಕುಸಿಯಿತು.

“ತನ್ನಿಷ್ಟಕ್ಕೆ ಕೊರೆದ, ಸತ್ತ,” ಎಂದಿದ್ದ ಬಿಲ್ಡರ್.

“ಯಾರನ್ನೂ ಕೇಳ್ದೆ ಅವ್ರು ಒಂದು ಮೊಳೆನೂ ಹೊಡೆಯೋರಲ್ಲ ಭಾವ,” ಎಂದಿದ್ದಳು ತಮ್ಮನ ಹೆಂಡತಿ. “ಹೇಳಿದ್ದು ಯಾರು ಅಂತ ಹುಡುಕಿ. ನಂಗೆ ಅಷ್ಟು ಸಾಕು.”

ಆ ಸೈಟಿನಲ್ಲಿ ಒಂದು ನಿಯಮವಿತ್ತು. ಕೊರೆಯುವ ಮುಂಚೆ, ಅನುಮತಿ ಕೊಟ್ಟವರು ಯಾರೆಂದು ತೂತಿನ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆಯಬೇಕು. ಬಿಲ್ಡರ್‌ನ ಇಂಜಿನಿಯರ್ ಹೆಸರೇ ಇರುತ್ತದೆ ಅಂತ ನನಗೆ ಖಾತ್ರಿ. ಬಿಲ್ಡರ್‌ಗೂ! ಅದಕ್ಕೇ ಆ ಬರಹವಿದ್ದ ತುಂಡನ್ನು ಪುಡಿ ಮಾಡಲು ಈ ಪೈಲ್ವಾನನನ್ನು ಕಳಿಸಿದ್ದ.

ಮಂಡಿಯೂರಿ ಹುಡುಕಿದೆ. ತಟ್ಟೆಯಷ್ಟಗಲದ ತುಂಡು. ಅಂಗೈಯಿಂದ ಧೂಳು ಒರೆಸಿದೆ. ತಮ್ಮನ ಗುಂಡು ಅಕ್ಷರ...

‘ಅನುಮತಿ: ಅಣ್ಣ. ಫೋನಿನಲ್ಲಿ.’

ಮತ್ತೊಮ್ಮೆ ಒರೆಸಿ ಓದಿದೆ.

ದಿನಕ್ಕೆ ಹತ್ತು ಸಲ ಫೋನ್ ಮಾಡಿ ಏನಾದರೂ ಕೇಳುತ್ತಲೇ ಇರುತ್ತಿದ್ದ. ಆ ಒಂದು ಫೋನನ್ನು ನಾನು ಮರೆತೇಬಿಟ್ಟಿದ್ದೆ. ಈಗ ಒಂದೊಂದು ಮಾತೂ ಕೇಳಿಸಿತು.

“ಅಣ್ಣಾ, ಬೀಮಲ್ಲಿ ಪೈಪಿಗೆ ತೂತು ಹಾಕ್ಬಹುದಾ? ಇಂಜಿನಿಯರ್ ಕಾಣಿಸ್ತಿಲ್ಲ.”

“ಮೇಲೆ ಕೆಳಗೆ ಸರಳು ಬಿಟ್ಟು ಅರ್ಧ ಎತ್ತರಕ್ಕೆ ಹಾಕು. ಏನಾಗಲ್ಲ. ಫೋನಿಡು, ಕೆಲ್ಸ ಇದೆ!”

ಕಂಬದಿಂದ ಎಷ್ಟು ದೂರ ಅಂತ ನಾನು ಕೇಳಲಿಲ್ಲ. ಅವನು ಅಳತೆಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸರಿಯಾಗಿ ಅರ್ಧ ಎತ್ತರ! ಆ ತುಂಡನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಪೈಲ್ವಾನ್ ಕುಂಟುತ್ತಾ ಬಂದು ಬಗ್ಗಿ ಓದಿದ.

“ಸಾರ್... ಒಡೆದು ಹಾಕ್ಲಾ? ಯಾರಿಗೂ ಗೊತ್ತಾಗಲ್ಲ.”

ಅದು ಉಳಿದರೆ ಅವನ ಧಣಿಗೇ ಲಾಭ. ಪಾಪ, ಅವನಿಗದು ಹೊಳೆಯಲೇ ಇಲ್ಲ.

“ಬೇಡ. ಒಂದು ಕೈ ಹಿಡಿ. ಬೈಕಿಗೆ ಕಟ್ಬೇಕು.”

ತಮ್ಮನ ಹೆಂಡತಿ ಕೇಳಿದ ಆಸಾಮಿ ಸಿಕ್ಕಿದ್ದ. ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ತೊಂದರೆಯೂ ಇರಲಿಲ್ಲ... ಅವಳ ಮನೆಯತ್ತ ಬೈಕ್ ಓಡಿಸುತ್ತಿದ್ದವನು ಅವನೇ!