ಕೆಂಪು ಮುಚ್ಚಳದ ಬಾಟಲಿ

"ನಮ್ಮತ್ತೆಗೆ ನಾನೇ ವಿಷ ಹಾಕಿದ್ದೀನಂತೆ. ನಾಳೆ ಬೆಳಿಗ್ಗೆ ಪೊಲೀಸರು ಬರ್ತಾರೆ."

ಬಾಗಿಲಲ್ಲಿ ನಿಂತವಳ ಕಾಲಲ್ಲಿ ಎರಡು ಬೇರೆ ಬೇರೆ ಜೊತೆಯ ಚಪ್ಪಲಿಗಳಿದ್ದವು. ಕೂರು ಎಂದರೆ ಕೂರಲಿಲ್ಲ. ಅಕ್ಕ ಓದುತ್ತಿದ್ದ ಪತ್ರಿಕೆಯನ್ನು ಮಡಚಿ, ಕುರ್ಚಿಯನ್ನು ಅವಳ ಕಡೆ ತಳ್ಳಿದರು.

ಅಕ್ಕ ಎಂದು ಕರೆಯುವುದು ನಾನೊಬ್ಬಳೇ. ಬೀದಿಗೆಲ್ಲ ಅವರು ಭೂತಗನ್ನಡಿ. ಮೂವತ್ತು ವರ್ಷ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಮೇಲೆ ಕೊರಳಿಗೊಂದು ಭೂತಗನ್ನಡಿ ನೇತುಹಾಕಿಕೊಂಡು, ಕಳೆದುಹೋದ ಉಂಗುರದಿಂದ ಹಿಡಿದು ಕಳ್ಳಸಹಿಯವರೆಗೆ ಎಲ್ಲರ ಗೋಳನ್ನೂ ಕೇಳುತ್ತಿದ್ದರು. ನಾನು ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಹೊಲಿಗೆ ಟೀಚರು. ಹನ್ನೊಂದು ವರ್ಷದಿಂದ ಅವರ ಜೊತೆ ಇಂಥವಕ್ಕೆಲ್ಲ ಓಡಾಡಿದ್ದೇನೆ.

"ಯಾರು ಹಾಗಂದಿದ್ದು?"

"ನನ್ನ ನಾದಿನಿ. ಆಸ್ಪತ್ರೆಯವರು ಅತ್ತೆ ಕೂದಲಲ್ಲಿ ಆರ್ಸೆನಿಕ್ ಇದೆ ಅಂದ್ರು. ನಮ್ಮ ಬೋರ್‌ವೆಲ್ ನೀರು ಚೆನ್ನಾಗಿದೆ ಅಂತ ಗಣಿ ಲ್ಯಾಬಿನ ರಿಪೋರ್ಟಿದೆ. ಮನೇಲಿ ಬೇರೆ ಯಾರಿಗೂ ಏನೂ ಆಗಿಲ್ಲ. ಅಡುಗೆ ಮಾಡೋಳು ನಾನು. ಲೆಕ್ಕ ಸರಿಹೋಯ್ತಲ್ಲ?" ಎಂದು ನಕ್ಕಳು. ಆ ನಗುವನ್ನು ನೋಡಲಾಗದೆ ನಾನು ಕಿಟಕಿಯತ್ತ ತಿರುಗಿದೆ.

ನಾನೂ ಒಂದು ಮನೆಯ ಸೊಸೆಯಾಗಿದ್ದವಳು. ಅಲ್ಲಿ ಏನು ಕಳೆದರೂ ಏನು ಕೆಟ್ಟರೂ ಮೊದಲು ನನ್ನ ಕೈ ನೋಡುತ್ತಿದ್ದರು. ಈಗಲೂ ಯಾರಾದರೂ ಕೈ ದಿಟ್ಟಿಸಿದರೆ ಸೆರಗಿನೊಳಗೆ ಎಳೆದುಕೊಳ್ಳುತ್ತೇನೆ.

"ರಿಪೋರ್ಟು ಇರಲಿ. ಗಣಿಯವರು ನಿಮ್ಮಲ್ಲಿ ಬಿಟ್ಟುಹೋದ ಜೋಡಿ ಬಾಟಲಿ ಎಲ್ಲಿ?" ಎಂದರು ಅಕ್ಕ.

"ಅದು ಮನೇಲೇ ಇದೆ. ಯಾಕೆ?"

"ನಡಿ. ಟೀಚರ್, ಕೊಡೆ ಬೇಡ, ನನ್ನ ನೀರು ಪರೀಕ್ಷೆ ಪೆಟ್ಟಿಗೆ ತಗೊಳ್ಳಿ."

ಅವಳ ಮನೆಯ ಹಿಂದೆಯೇ ಗಣಿಯ ಕೆಸರುಕಟ್ಟೆ. ಕಲ್ಲನ್ನು ಪುಡಿಮಾಡಿ, ಬೇಕಾದ ಲೋಹ ತೆಗೆದು, ಉಳಿದ ಬೂದುಬಣ್ಣದ ಕೆಸರನ್ನು ಅಲ್ಲಿಗೆ ಬಿಡುತ್ತಿದ್ದರು. ಕಲ್ಲು ಅರೆಯುವ ಯಂತ್ರದ ಗುಂಯ್‌ಗುಡುವಿಕೆ ಹಗಲೂ ರಾತ್ರಿಯೂ ನಿಲ್ಲದು. ಲೋಟದೊಳಗಿನ ನೀರೂ ಸಣ್ಣಗೆ ನಡುಗುತ್ತಿತ್ತು. ಆ ಬೀದಿಯಲ್ಲಿ ಜನ ಹೇಗೆ ನಿದ್ದೆ ಮಾಡುತ್ತಾರೋ ಎಂದುಕೊಂಡೆ.

ಮುದುಕಿ ಮಂಚದ ಮೇಲೆ ದಿಂಬಿಗೊರಗಿದ್ದರು. ಅಂಗೈ ತುಂಬ ಗಟ್ಟಿಯಾದ ಗುಳ್ಳೆಗಳು, ಕುತ್ತಿಗೆಯಲ್ಲಿ ಕಪ್ಪು ಚುಕ್ಕೆಗಳು. ನಾಲಗೆ ಮಾತ್ರ ಚುರುಕಾಗಿಯೇ ಇತ್ತು.

"ಬಂದ್ಯಾ ಭೂತಗನ್ನಡಿ? ನನ್ನ ಸೊಸೆ ಕೊಲೆಗಾರ್ತಿ ಅಂತ ಹೇಳೋಕೆ ಬಂದ್ಯಾ?"

"ನೀವೇನಂತೀರ?"

"ಮಗಳು ಹೌದು ಅಂತಾಳೆ, ಮಗ ಬಾಯೇ ಬಿಡಲ್ಲ. ಇವಳು ಚೊಂಬು ಹಿಡ್ಕೊಂಡು ಎದುರಿಗೆ ನಿಂತ್ರೆ ನಂಗೆ ಕುಡಿಯೋಕೂ ಭಯ, ಬೇಡ ಅನ್ನೋಕೂ ನಾಚಿಕೆ."

"ಯಾವ ನೀರು ಕುಡೀತೀರ ಅಮ್ಮ?"

"ಆಗತಾನೆ ಪಂಪು ಹೊಡೆದದ್ದು. ಡ್ರಮ್ಮಲ್ಲಿ ನಿಂತ ಹಳೇ ನೀರು ನಂಗಾಗಲ್ಲ. ಒಂದು ಮಾತು ಹೇಳ್ತೀನಿ, ಕೇಳಿದಾಗೆಲ್ಲ ಇವಳು ಎದ್ದು ಹೋಗಿ ತಂದ್ಕೊಟ್ಟಿದ್ದಾಳೆ."

ಉಳಿದವರ ನೀರು ಅಡುಗೆಮನೆಯ ಡ್ರಮ್ಮಿನಲ್ಲಿತ್ತು. ಹಿಂದಿನ ದಿನವೇ ತುಂಬಿಟ್ಟು, ಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರಂತೆ. ಡ್ರಮ್ಮಿನ ತಳದಲ್ಲಿ ಕಂದು ಗಸಿ ಕೂತಿತ್ತು.

"ಹೀಗೆ ಮಾಡೋಕೆ ಯಾರು ಹೇಳ್ಕೊಟ್ರು?" ಅಕ್ಕ ಸೊಸೆಯನ್ನು ಕೇಳಿದರು.

"ನಾದಿನೀನೇ. ಎರಡು ವರ್ಷ ಆಯ್ತು. ನೀರಲ್ಲಿ ತುಕ್ಕಿನ ವಾಸನೆ ಬರುತ್ತೆ ಅಂತ."

ನಾದಿನಿ ಗಣಿ ಲ್ಯಾಬಿನಲ್ಲೇ ಕೆಲಸಕ್ಕಿದ್ದಳು, ಗಣಿಯವರ ವಸತಿಗೃಹದಲ್ಲೇ ಇದ್ದಳು. ಮಗಳ ಹೆಸರೆತ್ತಿದೊಡನೆ ಮುದುಕಿಯ ಮುಖ ಅರಳಿತು. "ಮೊದಲು ಅವಳ ಬೆರಳ ತುದಿಯೆಲ್ಲ ಹಳದಿ ಹಳದಿ. ಆಸಿಡ್ಡಿನ ಕೆಲಸ. ಅನ್ನ ಕಲಸೋಕೇ ಅಸಹ್ಯ ಪಡೋಳು. ಎರಡು ವರ್ಷದಿಂದ ಎಷ್ಟು ಚೆನ್ನಾಗಿ ಗುಣವಾಗಿದೆ ಗೊತ್ತಾ?"

ಅಕ್ಕ ಕಪಾಟಿನ ಮೇಲಿದ್ದ ಬಾಟಲಿಯನ್ನು ಇಳಿಸಿದರು. ಗಣಿಯವರು ನೀರು ಒಯ್ಯುವಾಗ ಒಂದು ಬಾಟಲಿಯನ್ನು ತಾವಿಟ್ಟುಕೊಂಡು, ಅದೇ ನೀರಿನ ಇನ್ನೊಂದನ್ನು ಮೊಹರು ಮಾಡಿ ಮನೆಯಲ್ಲೇ ಬಿಡಬೇಕೆಂದು ನಿಯಮ. ಮುಚ್ಚಳ ಕೆಂಪು, ಮೊಹರು ಒಡೆದಿರಲಿಲ್ಲ. ನೀರು ತಿಳಿಯಾಗಿತ್ತು, ಆದರೆ ತಳದಲ್ಲಿ ಅದೇ ಕಂದು ಗಸಿ. ಭೂತಗನ್ನಡಿ ಹಿಡಿದು ನೋಡಿದ ಅಕ್ಕನ ಹುಬ್ಬು ಗಂಟಿಕ್ಕಿತು.

ಅಷ್ಟರಲ್ಲಿ ಗಣಿಯಲ್ಲಿ ಮಧ್ಯಾಹ್ನದ ಬಂಡೆ ಸಿಡಿತ. ಕಿಟಕಿಯ ಗಾಜು ಝಲ್ಲೆಂದಿತು. ಸೊಸೆ ಬೆಚ್ಚಿ ನನ್ನ ತೋಳು ಹಿಡಿದುಕೊಂಡಳು.

ಅಲ್ಲಿಂದ ಹೋದದ್ದು ಬಾಟಲಿಯಣ್ಣನ ಹತ್ತಿರ. ಮನೆಮನೆಗೆ ಹೋಗಿ ನೀರು ತುಂಬಿಸಿ ತರುವವನು ಅವನೇ. ಗಣಿಯ ಗೇಟಿನ ಪಕ್ಕದ ಶೆಡ್ಡಿನಲ್ಲಿ ಬಾಟಲಿ ಜೋಡಿಸುತ್ತಿದ್ದ. ಮೊಳೆಗೆ ಎರಡು ಸಮವಸ್ತ್ರದ ಅಂಗಿಗಳು ತೂಗುತ್ತಿದ್ದವು. ಹಳೆಯದರ ತೋಳಿನ ಅಂಚು ಸೂಜಿಯಲ್ಲಿ ಚುಚ್ಚಿದಂತೆ ತೂತು ತೂತು. ಹೊಲಿಗೆಯವಳ ಕಣ್ಣು ಮೊದಲು ಹೋಗುವುದೇ ಅಂಥಲ್ಲಿ.

"ಇದನ್ನ ಇಲಿ ತಿಂತಾ?" ಎಂದೆ.

"ಇಲಿ ಅಲ್ಲಮ್ಮಾ, ಆಸಿಡ್ಡು. ಕೆಂಪು ಮುಚ್ಚಳದ ಬಾಟಲೀಲಿ ಮೊದಲೇ ನಾಲ್ಕು ಹನಿ ಇರುತ್ತೆ. ನೀರು ತುಂಬೋವಾಗ ಸಿಡಿಯುತ್ತೆ. ಈ ಇನ್ನೊಂದು ಅಂಗಿ ಅದೃಷ್ಟದ್ದು, ಹಾಕ್ಕೊಂಡು ಎರಡು ವರ್ಷ ಆದ್ರೂ ಒಂದು ತೂತಿಲ್ಲ. ನನ್ನ ಹೆಂಡ್ತಿ ಅಂತಾಳೆ, ಈಗ ನೀನು ಮನುಷ್ಯ ಆದೆ ಅಂತ."

"ಬಾಟಲಿಗೆ ಹನಿ ಹಾಕಿ ಕೊಡೋರು ಯಾರು?" ಅಕ್ಕ ಕೇಳಿದರು. ಅವನು ಹೆಸರು ಹೇಳಿದ. ಅಕ್ಕ ನಿಟ್ಟುಸಿರುಬಿಟ್ಟರು.

ಸಂಜೆ ಐದಕ್ಕೆ ಎಲ್ಲರೂ ಮುದುಕಿಯ ಕೋಣೆಯಲ್ಲಿ ಸೇರಿದೆವು. ಲಾರಿ ಓಡಿಸುವ ಮಗ ಕದಕ್ಕೆ ಒರಗಿದ್ದ. ಸೊಸೆ ಮೂಲೆಯಲ್ಲಿ ನಿಂತಿದ್ದಳು. ಬಾಟಲಿಯಣ್ಣ ಟೋಪಿ ತಿರುಚುತ್ತಿದ್ದ. ನಾದಿನಿ ತಾಯಿಯ ಕಾಲ ಬಳಿ ಕೂತು, "ಇದೇನು ಪಂಚಾಯಿತಿ? ಪೊಲೀಸರು ನೋಡ್ಕೋತಾರೆ ಬಿಡಿ," ಎಂದಳು.

ಅಕ್ಕ ಮೇಜಿನ ಮೇಲೆ ಎರಡು ಲೋಟ ಇಟ್ಟರು. ಒಂದರಲ್ಲಿ ಡ್ರಮ್ಮಿನ ಮೇಲಿನ ನೀರು, ಇನ್ನೊಂದರಲ್ಲಿ ಆಗಷ್ಟೇ ಪಂಪಿನಿಂದ ತಂದದ್ದು. ಆರ್ಸೆನಿಕ್ ಹೆಚ್ಚಿದ್ದಷ್ಟೂ ಕಂದಾಗುವ, ಪೆಟ್ಟಿಗೆಯಲ್ಲಿದ್ದ ಪರೀಕ್ಷೆಯ ಕಾಗದ ಮೊದಲನೆಯದರಲ್ಲಿ ತೆಳು ಹಳದಿಯಾಯಿತು, ಎರಡನೆಯದರಲ್ಲಿ ಗಾಢ ಕಂದು.

"ಎರಡೂ ಒಂದೇ ಬೋರ್‌ವೆಲ್ ನೀರು. ಆ ಕಟ್ಟೆ ಕೆಸರಲ್ಲಿ ಆರ್ಸೆನಿಕ್ ಇದೆ. ನೀರಿನ ಜೊತೆ ನೆಲಕ್ಕಿಳಿಯುತ್ತೆ. ನೆಲದಡಿ ಗಾಳಿ ಇಲ್ಲ. ಅಲ್ಲಿ ಕಬ್ಬಿಣಾನೂ ಅದೂ ಕರಗಿಕೊಂಡೇ ಇರ್ತವೆ, ಕಣ್ಣಿಗೆ ಕಾಣಲ್ಲ. ಮೇಲೆ ಬಂದು ಗಾಳಿ ತಾಗಿದ್ರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತೆ. ಇಳಿಯೋವಾಗ ಆರ್ಸೆನಿಕ್ಕನ್ನೂ ಸೆರಗಿಗೆ ಕಟ್ಕೊಂಡು ಹೋಗುತ್ತೆ. ಹಾಗಾಗಿ ಡ್ರಮ್ಮಿನ ನೀರು ಕುಡಿದವರು ಬಹುಮಟ್ಟಿಗೆ ಬಚಾವು. ತಾಜಾ ನೀರೇ ಬೇಕು ಅಂದ ಅಮ್ಮನಿಗೆ ಪೂರ್ತಿ ಪಾಲು."

"ಹಾಗಾದ್ರೆ... ನಾನೇ ಕೊಟ್ಟಿದ್ದು," ಸೊಸೆಯ ಸ್ವರ ಒಡೆಯಿತು. "ಕೈಯಾರೆ."

"ನೀನು ಕೊಟ್ಟಿದ್ದು ನೀರು," ಎಂದರು ಅಕ್ಕ. "ಈಗ ರಿಪೋರ್ಟಿನ ವಿಷಯ. ಬಾಟಲೀಲೂ ಇದೇ ಆಗಬಾರದು ಅಂತಾನೇ ಆಸಿಡ್ ಹಾಕೋದು. ಆಸಿಡ್ ಇದ್ರೆ ತುಕ್ಕು ಕೂರಲ್ಲ. ಕೆಂಪು ಮುಚ್ಚಳ ಅಂದ್ರೆ ಆಸಿಡ್ ಇದೆ ಅಂತ. ಆದ್ರೆ ಈ ಬಾಟಲಿ ತಳ ನೋಡಿ. ಲ್ಯಾಬಲ್ಲೂ ಮೇಲಿನ ತಿಳಿ ನೀರನ್ನಷ್ಟೇ ಪರೀಕ್ಷೆ ಮಾಡಿದ್ರು, ಚೆನ್ನಾಗಿದೆ ಅಂತ ಬರೆದ್ರು."

ಮೊಹರು ಒಡೆದು, ತಮ್ಮ ಪೆಟ್ಟಿಗೆಯ ಸೀಸೆಯಿಂದ ಬಾಟಲಿಗೆ ಹನಿ ಬಿಟ್ಟು ಕುಲುಕಿದರು. ನಿಧಾನವಾಗಿ ಗಸಿ ಕರಗಿತು. ಹೊಸ ಕಾಗದ ಕಂದಾಯಿತು.

"ನಾನೇನೂ ಮಾಡಿಲ್ಲ ತಾಯೀ!" ಎಂದ ಬಾಟಲಿಯಣ್ಣ.

"ಗೊತ್ತು. ನಿಮ್ಮ ಕೈಗೆ ಬಂದ ಬಾಟಲೀಲಿ ಆಸಿಡ್ಡೇ ಇರ್ಲಿಲ್ಲ. ಇದ್ದದ್ದನ್ನ ನೀವೇ ಚೆಲ್ಲಿದ್ರೂ ಅಂಗಿ ಮೇಲೆ ನಾಲ್ಕು ಹನಿ ಸಿಡೀತಿತ್ತು. ಎರಡು ವರ್ಷದ ಅಂಗೀಲಿ ಒಂದು ತೂತಿಲ್ಲ. ಇದನ್ನ ಕಂಡಿದ್ದು ನಮ್ಮ ಟೀಚರು. ಹಾಗಾದ್ರೆ ಆಸಿಡ್ ಹಾಕೋದು ನಿಂತಿದ್ದು ಲ್ಯಾಬಲ್ಲಿ, ಬಾಟಲಿ ಸಿದ್ಧ ಮಾಡೋರ ಕೈಯಲ್ಲಿ. ಎರಡು ವರ್ಷದಿಂದ ಯಾರ ಬೆರಳು ಹಳದಿಯಾಗಿಲ್ಲ, ಅಮ್ಮಾ?"

ಮುದುಕಿ ಮಗಳ ಕೈ ನೋಡಿದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀರು ಕೆಟ್ಟದ್ದು ಅಂತಲೂ ನಿನಗೆ ಗೊತ್ತಿತ್ತು. ಅದಕ್ಕೇ ಅಲ್ವಾ, ಇಟ್ಟು ಸೋಸಿ ಕುಡೀರಿ ಅಂತ ಹೇಳ್ಕೊಟ್ಟಿದ್ದು?"

"ಗಣಿಯ ದೊಡ್ಡವರು ಹೇಳಿದ್ರು," ಎಂದಳು ಅವಳು. "ಕಟ್ಟೆ ಎತ್ತರಿಸೋಕೆ ಅನುಮತಿ ಸಿಗ್ಬೇಕು, ಇಲ್ಲಾಂದ್ರೆ ಗಣಿ ಮುಚ್ಚುತ್ತೆ ಅಂತ. ಅಣ್ಣನ ಲಾರಿ ಓಡೋದೂ ಅಲ್ಲೇ. ಆಸಿಡ್ ಹಾಕ್ಬೇಡ, ಅಷ್ಟೇ, ಅಂದ್ರು. ಸುಳ್ಳು ಬರಿ ಅನ್ಲಿಲ್ಲ. ಅಮ್ಮನೂ ಡ್ರಮ್ಮಿನ ನೀರೇ ಕುಡೀತಾಳೆ ಅಂದ್ಕೊಂಡಿದ್ದೆ."

"ನನ್ನ ಮೇಲೆ ಯಾಕೆ ಹೊರಿಸ್ದೆ?" ಸೊಸೆ ಕೇಳಿದಳು.

"ಸೋಸಿದ ನೀರು ಕುಡಿಯೋ ಅಮ್ಮನಿಗೆ ಹೇಗಾಯ್ತು ಅಂತ ತಲೆ ಕೆಡ್ತು, ಅತ್ತಿಗೆ. ನೀವೇ ಇರಬಹುದು ಅನ್ನಿಸ್ತು. ನೀವೇ ಆಗಿದ್ರೆ ತಪ್ಪು ನನ್ನದಲ್ಲ ಅನ್ನೋ ಆಸೇನೂ ಇತ್ತು."

ಮುದುಕಿ ದಿಂಬು ಬಿಟ್ಟು ನೇರ ಕೂತು ಮಗಳನ್ನು ಕೇಳಿದರು: "ಎಷ್ಟು ಮನೆ ಬಾಟಲಿ ಹೀಗೆ ಕಳಿಸ್ದೆ?"

"ನಲವತ್ತೊಂದು."

ಮರುದಿನ ಪೊಲೀಸರು ಬಂದಾಗ ನಾದಿನಿಯ ಲಿಖಿತ ಹೇಳಿಕೆ ಸಿದ್ಧವಿತ್ತು, ದೊಡ್ಡವರ ಹೆಸರಿನ ಸಮೇತ. ಲ್ಯಾಬಿನ ಕೆಲಸ ಅಂದೇ ಹೋಯಿತು. ಬೀದಿಯ ನೀರನ್ನು ಹೊಸದಾಗಿ ಪರೀಕ್ಷಿಸಿ, ಆಗಲೇ ಕುಡಿದವರನ್ನು ಆಸ್ಪತ್ರೆಗೆ ಕಳಿಸುವುದು ಬಾಕಿಯಿತ್ತು. ಬಾಟಲಿಗಳು ಅಕ್ಕನ ಅಡುಗೆಮನೆಯಲ್ಲೇ ಸಿದ್ಧವಾದವು. ಹನಿ ಹಾಕಿದವಳು ಅವಳೇ, ಪಕ್ಕದಲ್ಲಿ ಕೂತು ಎಣಿಸಿದವರು ಅಕ್ಕ.

ವಾರದ ಮೇಲೆ ನಾನು ಮುದುಕಿಯನ್ನು ನೋಡಲು ಹೋಗಿದ್ದೆ. ಮಗ ಮೇಲಿನ ಬೀದಿಯ ನಲ್ಲಿಯಿಂದ ಹೊತ್ತು ತಂದ ನೀರನ್ನು ಮಗಳು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಮುದುಕಿ ಲೋಟ ಬಿಟ್ಟು ಬೆರಳು ಹಿಡಿದರು.

"ಮತ್ತೆ ಹಳದಿ ಮಾಡ್ಕೊಂಡ್ಯಲ್ಲೇ."

"ಹ್ಞೂಂ."

"ಎಷ್ಟು ಮನೆ ಆಯ್ತು?"

"ಇಪ್ಪತ್ತಾರು."

"ಇನ್ನೂ ಹದಿನೈದಿದೆ. ಇಲ್ಲಿ ಕೂತ್ಕೊಂಡು ನನ್ನ ಮುಖ ಏನು ನೋಡ್ತೀಯ? ಹೋಗು."

ಅವಳು ಎದ್ದಳು. ಸೊಸೆ ಅವಳೊಡನೆ ಇನ್ನೂ ಮಾತು ಬಿಟ್ಟೇ ಇದ್ದಳು. ಆದರೂ ಕೆಂಪು ಮುಚ್ಚಳಗಳ ಡಬ್ಬವನ್ನು ಸೊಂಟಕ್ಕೇರಿಸಿ, ಒಂದೇ ಜೊತೆಯ ಚಪ್ಪಲಿ ಮೆಟ್ಟಿಕೊಂಡು, ಅವಳ ಹಿಂದೆಯೇ ಬಿಸಿಲಿಗಿಳಿದಳು.